ಇಮೇಲ್ ಮಾತ್ರ ಸಾಕು

ಶನಿವಾರ ಸಂಜೆ ಐದು ಗಂಟೆಯೊಳಗೆ ಮಗಳು ಒಂದು ಉತ್ತರ ಕಳಿಸಬೇಕಿತ್ತು. ಎಂಟು ತಿಂಗಳ ಹಿಂದೆ ಅವಳು ಬಿಟ್ಟು ಬಂದಿದ್ದ ಕಂಪನಿಯೇ ಮತ್ತೆ ಕರೆದಿತ್ತು, ಈ ಸಲ ಮೇಲ್ವಿಚಾರಕಿಯಾಗಿ. ಬರುತ್ತೇನೆ ಅನ್ನಬೇಕು, ಇಲ್ಲವೇ ಬರುವುದಿಲ್ಲ ಅನ್ನಬೇಕು. ಆ ವಾರವಿಡೀ ನಮ್ಮ ಮನೆಯಲ್ಲಿ ಯಾರೂ ಕುಳಿತಲ್ಲಿ ಕುಳಿತಿರಲಿಲ್ಲ. ಒಗೆದು ಹಿಂಡಿದ ಬಟ್ಟೆಯನ್ನೇ ನಾನು ಇನ್ನೊಮ್ಮೆ ಸೋಪಿನ ನೀರಿಗೆ ಹಾಕಿದ್ದೂ ಉಂಟು.

ಆ ಕಂಪನಿ ಅಂಗಡಿ, ಆಸ್ಪತ್ರೆಗಳವರಿಗೆ ವೆಬ್‌ಸೈಟ್ ಮಾಡಿಕೊಡುತ್ತದೆ. ಮಗಳಿಗೆ ಅಲ್ಲಿ ಫೋನಿನಲ್ಲಿ ದೂರು ಕೇಳುವ ಕೆಲಸವಿತ್ತು. ಕೇಳಿ ಕೇಳಿ ಅವಳಿಗೆ ಒಂದು ವಿಷಯ ಹೊಳೆದಿತ್ತು. ಎಷ್ಟೋ ಜನರಿಗೆ ವೆಬ್‌ಸೈಟ್ ಬೇಕೇ ಇರಲಿಲ್ಲ. ಎಂದೋ ಯಾರೋ ಹೇಳಿದರೆಂದು ಮಾಡಿಸಿದ್ದರು, ಆಮೇಲೆ ಅದನ್ನು ಯಾರೂ ಇಣುಕಿಯೂ ನೋಡಿರಲಿಲ್ಲ. ಆದರೆ ಅದರ ಜೊತೆಗೆ ಸಿಕ್ಕ ಇಮೇಲ್ ವಿಳಾಸ ಅವರ ಅಂಗಡಿಯ ಹೆಸರಿನಲ್ಲಿತ್ತು. ಬೋರ್ಡಿನ ಮೇಲೆ, ರಸೀದಿಯ ಮೇಲೆ, ಹಳೆಯ ಗಿರಾಕಿಗಳ ಫೋನಿನಲ್ಲಿ ಎಲ್ಲ ಅದೇ. ಸೈಟ್ ಬಿಟ್ಟರೆ ವಿಳಾಸವೂ ಕೈತಪ್ಪುತ್ತದೆಂದು ಹೆದರಿ ಎರಡನ್ನೂ ಹೊತ್ತುಕೊಂಡು ತಿರುಗುತ್ತಿದ್ದರು. ಅಂಥವರಿಗೆ ಇಮೇಲ್ ಒಂದನ್ನೇ ನೋಡಿಕೊಳ್ಳುವ ಸೇವೆ ಮಾಡುತ್ತೇನೆಂದು ಮಗಳು ಕೆಲಸ ಬಿಟ್ಟು ಬಂದಳು. ನಾವು ಹಾಸಿಗೆ, ಟ್ರಂಕು ಇಡುತ್ತಿದ್ದ ಹಿಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಯಂತ್ರಗಳು ಗುಂಯ್‌ಗುಡತೊಡಗಿದವು. ಎಂಟು ತಿಂಗಳು ಅವನ್ನು ಸಜ್ಜುಗೊಳಿಸುವುದರಲ್ಲೇ ಕಳೆಯಿತು, ಗಿರಾಕಿ ಮಾತ್ರ ಇನ್ನೂ ಒಬ್ಬರೂ ಇರಲಿಲ್ಲ.

ನಮ್ಮವರು ದರ್ಜಿ. ಮುಂದಿನ ಕೋಣೆಯೇ ಅವರ ಅಂಗಡಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ.

"ಮಗಳೇ, ಇದಕ್ಕೆ ಬೇಡಿಕೆ ಎಲ್ಲಿದೆ? ನಂಗೆ ಅಂಗಿ ಬೇಡ, ಗುಂಡಿ ಮಾತ್ರ ಕೊಡಿ ಅಂತ ನನ್ನ ಹತ್ರ ಯಾರಾದ್ರೂ ಬರ್ತಾರಾ?"

"ಬರ್ತಾರಪ್ಪಾ. ಮೊನ್ನೆ ಪಕ್ಕದ ಮನೆಯವರು ಬಂದಿರಲಿಲ್ವಾ, ಗುಂಡಿ ಕಿತ್ತೋಗಿದೆ ಅಂತ?"

"ಅವರು ಪುಕ್ಕಟೆ ಹಾಕಿಸ್ಕೊಂಡು ಹೋದ್ರು!"

ಮೂವರೂ ನಕ್ಕೆವು. ನಕ್ಕ ಮೇಲೆ ಮತ್ತೆ ಅದೇ ಚಡಪಡಿಕೆ. ಕೊನೆಗೆ ಮಗಳೇ ಒಂದು ಗಡಿ ಹಾಕಿಕೊಂಡಳು. ಶನಿವಾರದೊಳಗೆ ಹತ್ತು ಜನ ಕೇಳಿಕೊಂಡು ಬಂದರೆ ಇದನ್ನೇ ಮುಂದುವರಿಸುವುದು, ಇಲ್ಲವಾದರೆ ಯಂತ್ರ ಆರಿಸಿ ಕಂಪನಿಗೆ ಹೋಗುವುದು.

ಸೋಮವಾರ ಒಂದು ಕಟ್ಟು ಚೀಟಿ ಮುದ್ರಿಸಿ ತಂದಳು. ಅದರಲ್ಲಿ ಕೆಳಗಿನ ಸಾಲು ನನ್ನದು. ಅಂಗಡಿಯವರು ಕೈಕೆಲಸದ ಜನ, ಉದ್ದ ಪತ್ರ ಬರೆಯಿರಿ ಅಂದರೆ ಯಾರು ಬರೆಯುತ್ತಾರೆ? "ಒಂದೇ ಸಾಲು ಕೊಟ್ಬಿಡು ಪುಟ್ಟಾ, ಅದನ್ನೇ ನೋಡ್ಕೊಂಡು ಟೈಪ್ ಹೊಡೆದು ಕಳಿಸ್ಲಿ" ಅಂದಿದ್ದೆ. ಹಾಗಾಗಿ ಚೀಟಿಯಲ್ಲಿ, 'ನನಗೆ ಇಮೇಲ್ ಮಾತ್ರ ಸಾಕು ಎಂದಷ್ಟೇ ಬರೆದು ಈ ವಿಳಾಸಕ್ಕೆ ಕಳಿಸಿ, ಉಳಿದದ್ದು ನಮ್ಮ ಕೆಲಸ' ಎಂದಿತ್ತು. ತರಕಾರಿಗೆ ಹೋದಾಗ, ಹಿಟ್ಟಿನ ಗಿರಣಿಗೆ ಹೋದಾಗ ನಾನೇ ಅಂಗಡಿ ಅಂಗಡಿಗೆ ಕೊಟ್ಟು ಬಂದೆ.

ಅಂದೇ ಸಂಜೆ ಎರಡು ಪತ್ರ ಬಂದವು. ಒಂದು ಕನ್ನಡಕದ ಅಂಗಡಿಯದು, ಇನ್ನೊಂದು ಬೀಗ ರಿಪೇರಿ ಮಾಡುವ ಬೀಗದಣ್ಣನದು. ಎರಡರಲ್ಲೂ ನನ್ನದೇ ಸಾಲು. ಮಗಳು ಅಲ್ಲೇ ಕುಣಿದಳು.

ಮಂಗಳವಾರ ಏನೂ ಬರಲಿಲ್ಲ. ಬುಧವಾರವೂ ಇಲ್ಲ. ಮಗಳು ಊಟದ ನಡುವೆ ಎದ್ದು ಹೋಗಿ ಪರದೆ ನೋಡಿ ಬರುತ್ತಿದ್ದಳು. "ನಿನ್ನ ಯಂತ್ರ ಕೆಟ್ಟಿದ್ಯಾ ನೋಡು" ಎಂದು ಇವರು ಅಂದರೆ ಸಿಟ್ಟು.

"ಕೆಟ್ಟಿಲ್ಲಪ್ಪಾ. ನನ್ನ ಜರಡಿ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ಗೊತ್ತಾ? ವಾರದಿಂದ ಒಂದೇ ಒಂದು ಕಸದ ಪತ್ರ ಒಳಗೆ ಬಂದಿಲ್ಲ."

ಲಾಟರಿ ಹೊಡೆದಿದೆ, ಸಾಲ ಕೊಡುತ್ತೇವೆ ಎಂದೆಲ್ಲ ಬರುತ್ತವಲ್ಲ, ಅಂಥವನ್ನು ತಡೆಯಲು ಅವಳೇ ಬರೆದ ಲೆಕ್ಕಾಚಾರ ಅದು. ಗುರುತಿಲ್ಲದ ಬೇರೆ ಬೇರೆ ಜನ ಒಂದೇ ಮಾತನ್ನು ಕಳಿಸತೊಡಗಿದರೆ ಅದು ಕಸವೆಂದು ಜರಡಿ ತಿಳಿದುಕೊಳ್ಳುತ್ತದೆ. ಹಾಗೆ ತಡೆದದ್ದೆಲ್ಲ ಕಣ್ಣಿಗೇ ಬೀಳದಂತೆ ಬೇರೊಂದು ಮೂಲೆಗೆ ಬಿದ್ದು, ಭಾನುವಾರ ಬೆಳಗ್ಗೆ ತಾನಾಗಿ ಅಳಿಸಿಹೋಗುತ್ತದೆ. ಬೇರೆಯವರ ಹಾಗೆ ಕಸದ ಬುಟ್ಟಿಯನ್ನು ಕೆದಕಿ ನೋಡುವ ಕಾಟ ನನ್ನ ಗಿರಾಕಿಗಳಿಗಿಲ್ಲ ಎಂದು ಅವಳಿಗೆ ಬಹಳ ಹೆಮ್ಮೆ. ಆ ಹೆಮ್ಮೆಯಲ್ಲಿ ಅವಳೂ ಅತ್ತ ಇಣುಕುತ್ತಿರಲಿಲ್ಲ.

ಗುರುವಾರದ ಹೊತ್ತಿಗೆ ಇವರು ಯಾರಿಗೂ ಹೇಳದೆ ತಿಳಿನೀಲಿ ಬಟ್ಟೆ ಕತ್ತರಿಸಿ ಅವಳಿಗೊಂದು ಕಾಲರಿನ ಅಂಗಿ ಹೊಲಿಯಲು ಕೂತರು. ಆಫೀಸಿಗೆ ಹಾಕಿಕೊಳ್ಳುವಂಥದ್ದು. ನಾನು ಕಂಡೂ ಕಾಣದಂತಿದ್ದೆ. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಿತ್ತು. ಬೆಳಗ್ಗೆ ಡಬ್ಬಿ ಕಟ್ಟಿಕೊಡುವುದು, ಸಂಜೆ ಅವಳ ಚಪ್ಪಲಿ ಬಾಗಿಲಲ್ಲಿ ಕಾಣುವುದು, ಅಷ್ಟು. ಹಿಂದಿನ ಕೋಣೆಯಲ್ಲಿ ಅವಳು ಬಾಗಿ ಕೂತು ಕೂತು ಕುತ್ತಿಗೆ ಒತ್ತಿಕೊಳ್ಳುವುದನ್ನು ನೋಡಲಾಗುತ್ತಿರಲಿಲ್ಲ.

ಶನಿವಾರ ಮೂರೂವರೆಗೆ ನಾನು ಚೀಲ ತಗೊಂಡು ಹೊರಟೆ. ಕಪಾಟಿನ ಕೀಲಿ ಬಾಗಿತ್ತು. ನಿಜದಲ್ಲಿ ಅದು ಬಾಗಿ ತಿಂಗಳಾಗಿತ್ತು, ಅಂದು ಮನೆಯಲ್ಲಿರಲು ಆಗಲಿಲ್ಲ ಅಷ್ಟೇ.

ಬೀಗದಣ್ಣನ ಅಂಗಡಿ ಮೆಟ್ಟಿಲ ಕೆಳಗಿನ ಗೂಡು. ಅವರು ಅದರ ಅಳತೆಗೆ ಹೊಸ ಕೀಲಿಯೊಂದನ್ನು ಇಕ್ಕಳಕ್ಕೆ ಕಚ್ಚಿಸಿ ಅರದಿಂದ ತಿಕ್ಕತೊಡಗಿದರು. ಅವರು ಮಾಡಿದ ಪ್ರತಿ ಕೀಲಿಯ ಜೊತೆ ಒಂದು ಹಿತ್ತಾಳೆ ಬಿಲ್ಲೆ ಕೊಡುತ್ತಾರೆ. ಅದರ ಮೇಲೆ ಅವರ ಇಮೇಲ್ ವಿಳಾಸ ಕೊರೆದಿರುತ್ತದೆ, ಕಳೆದ ಕೀಲಿ ಸಿಕ್ಕವರು ಬರೆದು ತಿಳಿಸಲೆಂದು.

"ಹದಿನೆಂಟು ವರ್ಷದಿಂದ ಕೊರೀತಿದೀನಿ ತಾಯಿ. ವಿಳಾಸ ಬದಲಾಯ್ಸು ಅಂದ್ರೆ ಊರಲ್ಲಿರೋ ಬಿಲ್ಲೆ ಎಲ್ಲಾ ವಾಪಸ್ ತರೋಕಾಗುತ್ತಾ? ಆ ವೆಬ್‌ಸೈಟಂತೂ ಬೇಡವೇ ಬೇಡ. ಅದ್ರಲ್ಲಿರೋ ಫೋಟೋದಲ್ಲಿ ನನ್ನ ತಲೆ ಮೇಲೆ ಇನ್ನೂ ಕೂದಲಿದೆ."

ನಾನು ನಕ್ಕೆ. ಅವರು ಅರ ನಿಲ್ಲಿಸಿ ನನ್ನ ಮುಖ ನೋಡಿದರು.

"ಆದ್ರೆ ನಿಮ್ಮ ಮಗಳಿಗೆ ಇಷ್ಟು ಬೇಗ ಕೊಬ್ಬು ಬರಬಾರದಿತ್ತು ಬಿಡಿ."

"ಯಾಕಣ್ಣಾ ಹಾಗಂತೀರಿ?"

"ಮತ್ತೇನು? ತಕ್ಕಡಿ ರಿಪೇರಿಯವರಿಗೆ ನಾನೇ ಹೇಳ್ದೆ, ಬರೆದ್ರು. ನಮ್ಮ ಭಾವ ಬರೆದ್ರು. ಹಲ್ಲಿನ ಡಾಕ್ಟರಮ್ಮ ಎರಡು ಸಲ ಬರೆದ್ರಂತೆ. ಒಬ್ರಿಗೂ ಉತ್ತರವಿಲ್ಲ. ಇಮೇಲ್ ಮಾರೋರೇ ಇಮೇಲಿಗೆ ಉತ್ತರ ಕೊಡದಿದ್ರೆ ಇನ್ನು ಯಾರು ಕೊಡ್ಬೇಕು, ಹೇಳಿ?"

"ಏನಂತ ಬರೆದ್ರಂತೆ?" ಎಂದೆ. ಕೇಳುವ ಮೊದಲೇ ನನಗೆ ಗೊತ್ತಾಗಿತ್ತು.

"ಚೀಟೀಲಿ ಇದ್ದಿದ್ದೇ. ನೀವೇ ಅಲ್ವಾ ಅಷ್ಟೇ ಬರೀರಿ ಅಂದಿದ್ದು?"

ಬೇರೆ ಬೇರೆ ಜನ, ಒಂದೇ ಸಾಲು. ಮೊದಲೆರಡನ್ನು ಒಳಗೆ ಬಿಟ್ಟ ಜರಡಿ ಮೂರನೆಯದರಿಂದ ಎಲ್ಲವನ್ನೂ ಕಸವೆಂದು ತೀರ್ಮಾನಿಸಿತ್ತು. ಜನಕ್ಕೆ ಸುಲಭವಾಗಲಿ ಎಂದು ನಾನು ಕೊಟ್ಟ ಸಾಲೇ ಬಾಗಿಲಿಗೆ ಅಡ್ಡ ನಿಂತಿತ್ತು.

ಕೀಲಿ ತಗೊಂಡು ಬೇಗ ಬೇಗ ನಡೆದೆ. ಎರಡು ತಿರುವು ದಾಟಿದ ಮೇಲೆ ಕಾಲು ತಾನಾಗಿ ನಿಧಾನವಾಯಿತು. ಇನ್ನು ಮುಕ್ಕಾಲು ಗಂಟೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಅವಳು ಬರುತ್ತೇನೆಂದು ಬರೆಯುತ್ತಾಳೆ. ನಾಳೆ ಬೆಳಗ್ಗೆ ಆ ಮೂಲೆ ತಾನಾಗಿ ಅಳಿಸಿಹೋಗುತ್ತದೆ. ಸೋಮವಾರ ಡಬ್ಬಿ ಕಟ್ಟುತ್ತೇನೆ. ಯಾರಿಗೂ ತಿಳಿಯುವುದಿಲ್ಲ, ನನಗೊಬ್ಬಳಿಗೆ ಬಿಟ್ಟು.

ಮನೆಗೆ ಬಂದಾಗ ನಾಲ್ಕು ಇಪ್ಪತ್ತು. ತಿಳಿನೀಲಿ ಅಂಗಿ ಇಸ್ತ್ರಿಯಾಗಿ ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು. ಮಗಳು ಪರದೆಯ ಮುಂದಿದ್ದಳು, ಉತ್ತರ ಬರೆದಾಗಿತ್ತು, ಕಳಿಸಿರಲಿಲ್ಲ. ಇವರು ಬಾಗಿಲ ಚೌಕಟ್ಟಿಗೆ ಒರಗಿ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು.

"ಇನ್ನೂ ಟೈಮಿದೆ, ಐದಕ್ಕೆ ಸರಿಯಾಗಿ ಕಳಿಸ್ತೀನಿ" ಎಂದಳು ಮಗಳು. "ಅಷ್ಟರಲ್ಲಿ ಯಾರಾದ್ರೂ ಬರೆದ್ರೆ..."

ನಾನು ನೀರು ಕುಡಿದೆ. ಹೊಸ ಕೀಲಿಯನ್ನು ಕಪಾಟಿಗೆ ಹಾಕಿ ತಿರುಗಿಸಿದೆ, ತೆರೆಯಿತು. ಮುಚ್ಚಿದೆ. ಮತ್ತೆ ತಿರುಗಿಸಿದೆ. ನಾಲ್ಕನೆಯ ಸಲಕ್ಕೆ ಇವರು, "ಏನೇ ಅದು, ಕಳ್ಳರ ಹಾಗೆ ಕಟಕಟ ಅನ್ನಿಸ್ತಿದೀಯ?" ಎಂದರು.

"ಪುಟ್ಟಾ" ಎಂದೆ. "ನಿನ್ನ ಜರಡಿ ಎಸೆದಿದ್ದನ್ನ ಒಂದ್ಸಲ ನೋಡು."

"ಅದರಲ್ಲೇನಿರುತ್ತಮ್ಮಾ, ಬರೀ ಕಸ."

"ಆ ಕಸದಲ್ಲಿ ತಕ್ಕಡಿಯವರಿದಾರೆ. ಹಲ್ಲಿನ ಡಾಕ್ಟರಮ್ಮ ಇದಾರೆ. ನನ್ನ ಸಾಲು ಇದೆ, ನೋಡು."

ಅವಳು ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಬೆರಳು ಓಡತೊಡಗಿದವು. ಸಾಲ, ಲಾಟರಿ, ಕೂದಲು ಬೆಳೆಸುವ ಎಣ್ಣೆಗಳ ನಡುವೆ ಒಂದೊಂದಾಗಿ ಮೇಲೆ ಬಂದವು. ನನಗೆ ಇಮೇಲ್ ಮಾತ್ರ ಸಾಕು. ನನಗೆ ಇಮೇಲ್ ಮಾತ್ರ ಸಾಕು. ಇಪ್ಪತ್ತಮೂರು ಪತ್ರ. ಒಂದರ ಕೆಳಗೆ, 'ಸಾಕು ಅಂದರೂ ಕೊಡುವುದಿಲ್ಲವೇ?' ಎಂದಿತ್ತು.

ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಬೇಡಿಕೆ ಇತ್ತಮ್ಮಾ, ಆದ್ರೆ ನಾನೇ ಸರಿಯಿಲ್ಲ. ನಿಮ್ಮ ಒಂದು ಪತ್ರವೂ ಕಳೆದುಹೋಗಲ್ಲ ಅಂತ ಹೇಳ್ಕೊಂಡು ಎಲ್ರದ್ದನ್ನೂ ಕಸಕ್ಕೆ ಹಾಕಿದೀನಿ. ಇನ್ನು ಯಾವ ಮುಖ ಇಟ್ಕೊಂಡು ಮಾರ್ಲಿ?"

ಇವರು ಬಾಯಿಯಿಂದ ಸೂಜಿ ತೆಗೆದು ಪಟ್ಟಿಗೆ ಚುಚ್ಚಿದರು.

"ನಾನು ಒಂದ್ಸಲ ಮದುಮಗನ ಕೋಟಿಗೆ ಎರಡೂ ಎಡಗೈ ತೋಳೇ ಹೊಲಿದಿದ್ದೆ. ತಪ್ಪಾಯ್ತು ಅಂತ ಅವರ ಮನೆಗೇ ಹೋಗಿ ಬಿಚ್ಚಿ ಹೊಲಿದು ಕೊಟ್ಟೆ. ಈಗ ಅವನ ಮಕ್ಕಳ ಬಟ್ಟೆನೂ ನನ್ನ ಹತ್ರಾನೇ ಬರುತ್ತೆ. ಏಳು, ಬರಿ. ಇದ್ದಿದ್ದು ಇದ್ದ ಹಾಗೆ ಬರಿ."

ಅವಳು ಬರೆದಳು. ನಿಮ್ಮ ಪತ್ರವನ್ನು ನನ್ನ ಜರಡಿಯೇ ತಡೆದಿತ್ತು, ತಪ್ಪು ನನ್ನದು, ಸರಿಪಡಿಸಿದ್ದೇನೆ, ಇನ್ನೂ ನಂಬಿಕೆಯಿದ್ದರೆ ತಿಳಿಸಿ. ಇವರು ಹೆಸರು ಓದುತ್ತಾ ಹೋದರು, ಅವಳು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕಳಿಸುತ್ತಾ ಹೋದಳು. ಐದಕ್ಕೆ ಎಂಟು ನಿಮಿಷವಿರುವಾಗ ಪರದೆಯಲ್ಲಿ ಒಂದು ಉತ್ತರ ಬಂತು. ತಕ್ಕಡಿಯವರದು.

'ನನ್ನ ತಕ್ಕಡಿಯೂ ಆಗಾಗ ತಪ್ಪು ತೂಗುತ್ತದಮ್ಮ. ತಿದ್ದಿದರೆ ಆಯಿತು. ಸೋಮವಾರ ಬಂದು ಮಾಡಿಕೊಡಿ.'

ಡಾಕ್ಟರಮ್ಮನೂ ಬರೆದರು, ಬೇರೆ ಕಡೆ ಮಾಡಿಸಿಕೊಂಡಾಯಿತು, ಬೇಡ ಎಂದು. ಮಗಳು ತುಟಿ ಕಚ್ಚಿ ಎರಡನ್ನೂ ಇನ್ನೊಮ್ಮೆ ಓದಿದಳು. ಪತ್ರ ಇಪ್ಪತ್ತಮೂರಿದ್ದರೂ ಈಗಲೂ ಬೇಕು ಎಂದವರು ಹತ್ತು ಜನ ಆಗಿರಲಿಲ್ಲ. ಹಳೆಯ ಇಬ್ಬರ ಜೊತೆ ಈಗ ಒಬ್ಬರು. ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ಕಂಪನಿಗೆ ಬರೆದಿಟ್ಟಿದ್ದನ್ನು ಅಳಿಸಿ, 'ಕರೆದಿದ್ದಕ್ಕೆ ಧನ್ಯವಾದ, ನನಗೆ ಬರಲಾಗುವುದಿಲ್ಲ' ಎಂದು ಬರೆದು ಕಳಿಸಿಬಿಟ್ಟಳು.

ಇವರು ಮುಂದಿನ ಕೋಣೆಗೆ ಹೋದರು. ನಾನು ಕುರ್ಚಿಯ ಮೇಲಿನ ಅಂಗಿ ತೆಗೆದು ಮಡಚಲು ಹೊರಟೆ.

"ಮಡಚ್ಬೇಡಮ್ಮಾ, ಗೆರೆ ಬೀಳುತ್ತೆ. ಸೋಮವಾರ ತಕ್ಕಡಿಯವರ ಹತ್ರ ಹೋಗೋಕೆ ಬೇಕು."

ಅಂಗಿಯನ್ನು ಹಾಗೇ ಕಪಾಟಿನಲ್ಲಿ ತೂಗುಹಾಕಿದೆ. ಒಲೆಯ ಮೇಲೆ ನೀರಿಟ್ಟೆ. ನೀರು ಕಾಯುವಷ್ಟು ಹೊತ್ತೂ ನಿಲ್ಲಲಾಗದೆ ಮತ್ತೆ ಹಿಂದಿನ ಕೋಣೆಯ ಬಾಗಿಲಿಗೆ ಬಂದೆ.

"ಪುಟ್ಟಾ, ನಾಳೆ ಬೆಳಗ್ಗೆ ಅಳಿಸಿಹೋಗೋದನ್ನ ನಿಲ್ಲಿಸಿದೀಯಾ?"

"ನಿಲ್ಲಿಸಿದೀನಮ್ಮಾ. ಮೂರನೇ ಸಲ ಕೇಳ್ತಿದೀಯ."

"ಇನ್ನೊಂದ್ಸಲ ನೋಡು" ಎಂದೆ.

ಅವಳು ನೋಡಿದಳು.