ಎಡಗಡೆ ಸಮುದ್ರ

ಎಡಗಿವಿಗೆ ಸಮುದ್ರ ಕೇಳುತ್ತಿದೆ, ಕಾಣುವುದಿಲ್ಲ, ಈ ಮಂಜಿನಲ್ಲಿ ನನ್ನ ಶೂ ಕೂಡ ಸರಿಯಾಗಿ ಕಾಣುವುದಿಲ್ಲ, ಒದ್ದೆ ಮರಳು ಪಚ್ ಪಚ್ ಅನ್ನುತ್ತದೆ, ಆಮೇಲೆ ಆ ಸಣ್ಣ ಅಲೆ, ನಮ್ಮೂರಿನ ಅಲೆಯ ಹಾಗೆ ಗದರುವುದಿಲ್ಲ ಇದು, ಗೊಣಗುತ್ತದೆ ಅಷ್ಟೆ — ಇರಲಿ, ಎಡಕ್ಕೆ ಸಮುದ್ರ ಇದ್ದರೆ ಮುಖ ಬಡಗಿಗೆ, ಉತ್ತರಕ್ಕೆ, ಬಡಗಿಗೆ ಹೋದರೆ ಕ್ಯಾಂಪುಗಳು, ಡೇರೆ, ಗಾಡಿ, ಜನ, ಇಷ್ಟಕ್ಕೆಲ್ಲ ಫೋನಿನ ದಿಕ್ಸೂಚಿ ಯಾಕೆ, ಉಳಿದಿರುವ ಎರಡು ಪರ್ಸೆಂಟ್ ಚಾರ್ಜು ಒಂದು ಕಾಲ್ ಮಾಡಲಿಕ್ಕೆ ಬೇಕು, ಸಿಗ್ನಲ್ ಸಿಕ್ಕಿದರೆ. ಸಸಿಹಿತ್ಲಿನ ಕಡಲ ಬದಿಯಲ್ಲಿ ಹುಟ್ಟಿದವನಿಗೆ ದಿಕ್ಕು ಯಾರೂ ಹೇಳಿಕೊಡಬೇಕಾಗಿಲ್ಲ, ಅಮ್ಮ ಅಡುಗೆಮನೆಯಲ್ಲೂ ದಿಕ್ಕಿನಲ್ಲೇ ಮಾತಾಡುವವಳು, ಆ ಚೊಂಬು ಸ್ವಲ್ಪ ಪಡುವಕ್ಕೆ ಇಡು, ನೀನು ತೆಂಕಕ್ಕೆ ಸರಿದು ಕೂತ್ಕೊ ಯಜ್ಞೇಶ, ಎಡ ಬಲ ಅಂತ ನಾನು ಕಲಿತದ್ದು ಶಾಲೆಗೆ ಹೋದ ಮೇಲೆ. ಆರೂವರೆಗೆ ಹೊರಟದ್ದು, ಈಗ ಏಳು ಕಾಲು. ಇನ್ನೂ ಬೇಗ ನಡೆಯಬೇಕು.

ಗಿರಿಯಪ್ಪಣ್ಣ ಹಿಂದೆ ಎರಡು ಮರಳುದಿಬ್ಬಗಳ ನಡುವಿನ ತಗ್ಗಿನಲ್ಲಿ ಕಾಲು ಚಾಚಿ ಕೂತಿದ್ದಾರೆ, ಪಾದ ತಿರುಗಬಾರದ ಕಡೆಗೆ ತಿರುಗಿತ್ತು, ನೆನೆಯಬೇಡ. ಮುಂದಿನ ತಿಂಗಳು ಅವರಿಗೆ ಎಕ್ಸಿಟ್, ಕೆಲಸ ಮುಗಿಸಿ ಊರಿಗೆ, ಬೆಳ್ಳಾರೆಗೆ. ಇಪ್ಪತ್ತಾರು ವರ್ಷ ಈ ಮರಳುಗಾಡಿನ ದೇಶವನ್ನು ಕಂಪೆನಿ ಬಸ್ಸಿನ ಕಿಟಕಿಯಿಂದ ನೋಡಿದ್ದು ಸಾರ್, ಒಮ್ಮೆ ಕಾಲಿನಲ್ಲಿ ನೋಡ್ಬೇಕು, ಈ ಕಡಲಿನಿಂದ ಆ ಕಡಲಿಗೆ — ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನ ಕ್ಯಾಂಟೀನಿನಲ್ಲಿ ಅವರು ಹಾಗೆ ಹೇಳಿದಾಗ ನಾನು ನಗಬೇಕಿತ್ತು, ಸೇಫ್ಟಿ ಆಫೀಸರ್ ನಾನು, ನಗುವ ಬದಲು ಪಟ್ಟಿ ಮಾಡಿದೆ. ಆ ಬದಿಯ ಕಡಲಿನ ಸಲ್ವಾದಿಂದ ಹೊರಟು ನಾಲ್ಕು ದಿನ, ಬೆನ್ನಿಗೆ ಹದಿನಾರು ಕಿಲೋ, ನೀರು ಲೆಕ್ಕ ಹಾಕಿ ಕುಡಿದೆವು, ಈ ನಾಲ್ಕು ದಿನ ಸಾರ್ ಅನ್ನಬಾರದು ಅಂತ ಕರಾರು ಬೇರೆ, ನಿನ್ನೆ ಸಂಜೆ ಸಮುದ್ರ ಕಂಡಾಗ ಅರುವತ್ತರ ಹತ್ತಿರದ ಆ ಮನುಷ್ಯ ಶೂ ಬಿಚ್ಚಿ ನೀರಿಗಿಳಿದು ಮುಖ ತೊಳೆದುಕೊಂಡರು. ಇವತ್ತು ಬೆಳಿಗ್ಗೆ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡು, ಅವಲಕ್ಕಿ ನೆನೆಯಲಿ, ಅಷ್ಟರಲ್ಲಿ ದಿಬ್ಬ ಹತ್ತಿ ಬರ್ತೇನೆ ಅಂದರು, ಬಂದದ್ದು ಜಾರಿಕೊಂಡು, ಅವರ ಫೋನು ಕಲ್ಲಿಗೆ ಬಡಿದು ಪುಡಿ. ಅವಲಕ್ಕಿ ಬಾಯಿಗಿಟ್ಟರೆ ನೋವಿಗೆ ವಾಂತಿ. ಇನ್ಸುಲಿನ್ ಒಳಗೆ ಹೋಗಿದೆ, ಊಟ ಹೋಗಿಲ್ಲ, ಸಕ್ಕರೆ ಇಳಿಯುತ್ತಾ ಹೋಗುತ್ತದೆ, ಆಮೇಲೆ ಬೆವರು, ನಡುಕ, ಆಮೇಲೆ ಕರೆದರೆ ಓಗೊಡುವುದಿಲ್ಲ. ಆರು ಖರ್ಜೂರ ಕೈಗೆ ಕೊಟ್ಟೆ, ಒಂದೊಂದೇ ಬಾಯಲ್ಲಿಟ್ಟು ಚೀಪಿ, ನಾನು ಈಗ ಬಂದೆ ಅಂದೆ. ಹೋಗಿ ಬಾ, ಹೆದರ್ಬೇಡ ಅಂತ ಅವರೇ ನನಗೆ ಧೈರ್ಯ ಹೇಳಿದರು. ನನಗೆ ಹೆದರಿಕೆ ಆಗಿದೆ, ಅದು ಮುಖದಲ್ಲಿ ಕಂಡಿರಬೇಕು.

ಕಂಬ — ಕಬ್ಬಿಣದ ಕಂಬ, ತುಕ್ಕು, ಮೇಲೊಂದು ಕೆಂಪು ಡ್ರಮ್ಮು, ದೋಣಿಯವರ ಗುರುತಿಗೆ ನೆಟ್ಟದ್ದು, ಫೋನು ಆನ್ ಮಾಡು, ಬೇಗ, ಒಂದು ಗೆರೆ ಸಿಗ್ನಲ್, ಸಾಕು, ಎತ್ತು ರಿತೇಶ ಎತ್ತು, ಬಿನ್ ಮಹಮೂದ್ ಏರಿಯಾದ ರೂಮಿನಲ್ಲಿ ನನ್ನ ಪಕ್ಕದ ಮಂಚ ಅವನದ್ದು, ನಮ್ಮನ್ನು ಕರೆದುಕೊಂಡು ಹೋಗಲಿಕ್ಕೆ ಕ್ಯಾಂಪಿನ ಹತ್ತಿರ ಗಾಡಿಯಲ್ಲೇ ಮಲಗಿದ್ದಾನೆ. ಹಲೋ, ಎಂತ ಇಷ್ಟು ಬೇಗ? ಗಿರಿಯಪ್ಪಣ್ಣ ಬಿದ್ದಿದ್ದಾರೆ, ಕಾಲು ಮುರಿದಿದೆ, ಶುಗರ್ ಇಳೀತಾ ಉಂಟು, ನಾನು ಕಬ್ಬಿಣದ ಕಂಬದ ಹತ್ತಿರ ಇದ್ದೇನೆ, ಕೆಂಪು ಡ್ರಮ್ಮಿನದ್ದು. ಗೊತ್ತುಂಟು, ಮೀನು ಹಿಡಿಯಲಿಕ್ಕೆ ಬಂದಾಗ ನೋಡಿದ್ದೇನೆ, ಅಷ್ಟು ತೆಂಕಕ್ಕೆ ಹೇಗೆ ಹೋದ್ರಿ ನೀವು? ಅದೆಲ್ಲ ಆಮೇಲೆ, ಕೇಳು, ಅವರಿರುವುದು ಕಂಬದಿಂದಲೂ ತೆಂಕಕ್ಕೆ, ಒಂದು ಗಂಟೆಯ ನಡಿಗೆ, ದಿಬ್ಬದ ತಗ್ಗಿನಲ್ಲಿ, ಕಡಲ ಕರೆಯಿಂದ ಕಾಣುವುದಿಲ್ಲ. ಕಂಬದಿಂದಲೂ ಆಚೆಯಾ, ನಿಜವಾ ಯಜ್ಞೇಶ, ಆಚೆ ಬರೀ ಉಪ್ಪಿನ ಕೆಸರು. ಹೌದು ಮಾರಾಯ, ದಿಕ್ಕು ನನಗೆ ಹೇಳಿಕೊಡ್ಬೇಡ, ಪೊಲೀಸರಿಗೂ ಅದನ್ನೇ ಹೇಳು, ನನಗೆ ಕಾಯ್ಬೇಡ, ಸೀದಾ ಹೋಗು — ಖಲಾಸ್, ಪರದೆ ಕಪ್ಪು. ಆದರೂ ಹೇಳಿ ಆಯಿತು, ಎಲ್ಲ ಹೇಳಿದೆ, ಮೊದಲ ಸಲ ಉಸಿರು ಸರಿಯಾಗಿ ಒಳಗೆ ಹೋಯಿತು. ಕಂಬಕ್ಕೆ ಒರಗಿ ಎರಡು ಗುಟುಕು ನೀರು ಕುಡಿದೆ.

ಮಂಜು ತೆಳ್ಳಗಾಗುತ್ತಿದೆ, ಸಮುದ್ರದ ಮೇಲೆ ಏನೋ ಬೆಳ್ಳಗೆ, ದುಂಡಗೆ, ಸೂರ್ಯ, ಅರೆ, ಸಂಜೆ ಆಯಿತೇ ಅಂದುಕೊಂಡೆ, ನಿಜವಾಗಿ ಅಂದುಕೊಂಡೆ, ದೋಣಿಗಳು ಮರಳುವ ಹೊತ್ತು, ಅಮ್ಮ ದೀಪ ಹಚ್ಚುವ ಹೊತ್ತು, ವಾಚು ಏಳು ನಲವತ್ತು ಅನ್ನುತ್ತದೆ, ನಾನು ವಾಚನ್ನೇ ಅಲ್ಲಾಡಿಸಿ ನೋಡಿದೆ, ದಡ್ಡ. ಕಡಲಿನ ಮೇಲೆ ಬೆಳಿಗ್ಗೆ ಸೂರ್ಯ. ಇಲ್ಲಿ ಕಡಲು ಮೂಡಕ್ಕೆ, ನಮ್ಮೂರಿನ ಹಾಗೆ ಪಡುವಕ್ಕಲ್ಲ, ಮೂಡಕ್ಕೆ, ನಾಲ್ಕು ದಿನ ಬೆಳಿಗ್ಗೆಯೆಲ್ಲ ಕಣ್ಣಿಗೆ ಬಿಸಿಲು ಹೊಡೆಸಿಕೊಂಡು ಬಂದದ್ದು ಈ ಕಡಲಿಗೇ ಅಲ್ಲವೇ, ಸಮುದ್ರ ಎಡಕ್ಕಿದ್ದರೆ ನನ್ನ ಮುಖ ತೆಂಕಿಗೆ, ಒಂದು ಗಂಟೆ ನಾನು ತೆಂಕಿಗೆ ನಡೆದೆ, ಜನ ಇಲ್ಲದ ಕಡೆಗೆ, ಗಿರಿಯಪ್ಪಣ್ಣ ಇರುವುದು ಬಡಗಿಗೆ, ರಿತೇಶ ಬರುವ ದಾರಿಯಲ್ಲೇ, ಅವರ ಪಕ್ಕದಲ್ಲೇ ಗಾಡಿ ಹೋಗುತ್ತದೆ, ತಗ್ಗು ಕಾಣುವುದಿಲ್ಲ, ಕಂಬ ದಾಟಿ ಕೆಸರಿಗೆ ಹೋಗುತ್ತದೆ, ನಾನೇ ಕಳಿಸಿದ್ದು, ಸೀದಾ ಹೋಗು ಅಂತ. ಇಲ್ಲೇ ನಿಂತು ಅವನನ್ನು ತಡೆಯಲೇ, ಅವನು ಎಷ್ಟು ಹೊತ್ತಿಗೆ ಬರುತ್ತಾನೆ, ದಿಬ್ಬ ಬಳಸಿ ಬರಬೇಕು, ಒಂದೂವರೆ ಗಂಟೆ, ಎರಡು — ಕಂಬಕ್ಕೆ ಕಟ್ಟಲು ಕೇಸರಿ ಜಾಕೆಟ್ಟು ತೆಗೆಯೋಣ ಅಂತ ಬ್ಯಾಗು ಬಿಚ್ಚಿದರೆ ಕೈಗೆ ಸಿಕ್ಕಿದ್ದು ಗ್ಲೂಕೋಸ್ ಡಬ್ಬಿ, ನನ್ನದೇ ಪಟ್ಟಿಯ ನಾಲ್ಕನೆಯ ಸಾಮಾನು, ಅವರಿಗೆ ಖರ್ಜೂರ ಕೊಟ್ಟು ಇದನ್ನು ಬೆನ್ನಿಗೆ ಹಾಕಿಕೊಂಡು ನಾನು ದೂರ ದೂರ ನಡೆದಿದ್ದೇನೆ. ಜಾಕೆಟ್ಟು ಕಟ್ಟಿದೆ, ಮರಳಿನಲ್ಲಿ ಕಾಲಿನಿಂದ ಬಡಗಿಗೆ ದೊಡ್ಡ ಬಾಣ ಎಳೆದೆ, ಬ್ಯಾಗು ಅಲ್ಲೇ ಬಿಸಾಡಿ ಡಬ್ಬಿಯೊಂದನ್ನೇ ಹಿಡಿದು ಓಡಿದೆ.

ಬಲಕ್ಕೆ ಸಮುದ್ರ, ಬಲಕ್ಕೆ, ಬಾಯಿಬಿಟ್ಟು ಹೇಳಿಕೊಳ್ಳಬೇಕು, ನನ್ನ ಮೈಯನ್ನು ಇನ್ನು ನಾನು ನಂಬುವುದಿಲ್ಲ, ಮರಳು ಕಾಲು ಎಳೆಯುತ್ತದೆ, ಬಿಸಿಲು ಏರುತ್ತಿದೆ, ಎಷ್ಟು ಖರ್ಜೂರ ಉಳಿದಿರಬಹುದು, ಎರಡು, ಒಂದು — ಹೊರಟಾಗ ದಿಬ್ಬ ಇಳಿದು ಕಡಲ ಕರೆಗೆ ತಿರುಗಿ ಒಮ್ಮೆ ಹಿಂದೆ ನೋಡಿದ್ದೆ, ಮಂಜು ಒಂದು ಕ್ಷಣ ಸರಿದಿತ್ತು, ತಗ್ಗಿನ ಬಾಯಿಯಲ್ಲಿ ಅವರು, ಎರಡೂ ಕೈ ಮೇಲೆ, ಅಂಗೈ ನನ್ನ ಕಡೆಗೆ. ಹೋಗಿ ಬಾ ಅನ್ನುತ್ತಿದ್ದಾರೆ ಅಂದುಕೊಂಡೆ, ನಾನೂ ಕೈ ಬೀಸಿ ಕಿವಿಯ ಮೇಲೆ ಟೊಪ್ಪಿ ಎಳೆದುಕೊಂಡು ನಡೆದೆ. ತಗ್ಗಿನ ಬಾಯಿಯಲ್ಲಿ — ನಾನು ಬಿಟ್ಟು ಬಂದದ್ದು ಒಳಗೆ, ಅಷ್ಟು ದೂರ ಆ ಕಾಲನ್ನು ಎಳೆದುಕೊಂಡು ಬಂದಿದ್ದರು, ಯಾಕೆ, ಕೈ ಬೀಸಲಿಕ್ಕೆಯೇ? ಕ್ರೇನಿನ ಮುಂದೆ ನಿಂತು ಸನ್ನೆ ಮಾಡುವುದೇ ಅವರ ಕೆಲಸ, ಇಪ್ಪತ್ತಾರು ವರ್ಷ, ಪ್ರತಿ ವರ್ಷ ಅವರ ಲೈಸೆನ್ಸ್ ಕಾರ್ಡಿಗೆ ಪರೀಕ್ಷೆ ಮಾಡುವವನು ನಾನು, ಎರಡೂ ಕೈ ಮೇಲೆ, ಅಂಗೈ ಮುಂದೆ, ಇದು ಎಂತ ಗಿರಿಯಪ್ಪಣ್ಣ? ಎಮರ್ಜೆನ್ಸಿ ಸ್ಟಾಪ್ ಸಾರ್. ಯಾರು ತೋರಿಸಿದರೆ ನಿಲ್ಲಬೇಕು? ಯಾರು ತೋರಿಸಿದರೂ ನಿಲ್ಲಬೇಕು ಸಾರ್. ಕೈ ಯಾವಾಗ ಇಳಿಸಬೇಕು? ನಗುತ್ತಿದ್ದರು, ಪ್ರತಿ ಸಲ ಅದೇ ಪ್ರಶ್ನೆ ಅಂತ, ಹೊರೆ ನಿಲ್ಲುವ ತನಕ ಇಳಿಸಬಾರದು ಸಾರ್. ಬಲಕ್ಕೆ ಸಮುದ್ರ, ಓಡು, ಗಿರಿಯಪ್ಪಣ್ಣಾ, ನಾನು ನಿಲ್ಲಲಿಲ್ಲ, ನೋಡಿದೆ, ನಿಲ್ಲಲಿಲ್ಲ, ಕೈ ಇಳಿಸಿ ಗಿರಿಯಪ್ಪಣ್ಣ, ಬಂದೆ, ಇಳಿಸಿ, ಎರಡೂ ಕೈ ಮೇಲೆ, ಅಂಗೈ ನನ್ನ ಕಡೆಗೆ, ಎರಡೂ ಕೈ