ಮಾದರಿ ಮನೆಯ ಕಕ್ಕಸು

"ಏಯ್, ನಿಜ ಹೇಳು. ಇದರ ಮೇಲೆ ಕೂತಿದ್ದೆ ತಾನೇ?"

ಮ್ಯಾನೇಜರು ಮೂಗಿಗೆ ಕರ್ಚೀಫು ಒತ್ತಿಕೊಂಡು ಕಮೋಡನ್ನು ತೋರಿಸುತ್ತಿದ್ದ. ನಾನು ಮಂಡಿಯೂರಿ ನೆಲ ಒರೆಸುತ್ತಿದ್ದೆ.

"ಇಲ್ಲ ಸಾರ್."

"ಮತ್ತೆ ವಾಸನೆ ಎಲ್ಲಿಂದ ಬರ್ತಿದೆ? ಬಗ್ಗು. ಮೂಸಿ ನೋಡು."

"ಫಿನಾಯಿಲ್ ಸಾರ್, ಈಗಷ್ಟೇ ಹಾಕಿ..."

"ಬಗ್ಗು ಅಂದೆ!"

ಬಗ್ಗಿದೆ. ನನ್ನ ಕೊನೆಯ ತಮ್ಮನಿಗಿಂತ ಚಿಕ್ಕವನು ಅವನು, ಮೀಸೆ ಕೂಡ ಇನ್ನೂ ಸರಿಯಾಗಿ ಬಂದಿಲ್ಲ. ಅವನ ಕಣ್ಣೆದುರು ಆ ಬಿಳಿ ಪಿಂಗಾಣಿಯೊಳಗೆ ಮುಖ ಇಟ್ಟು ಉಸಿರೆಳೆದೆ. ಫಿನಾಯಿಲೇ. "ನಿಮ್ಮಂಥೋರ ಮೈ ವಾಸನೆಗೇ ಗಿರಾಕಿಗಳು ಓಡಿಹೋಗ್ತಾರೆ. ಇನ್ನೊಂದ್ಸಲ ತಿಕ್ಕು" ಎಂದು ಹೇಳಿ ಹೋದ. ಮೈಯೆಲ್ಲ ಉರಿಯುತ್ತಿತ್ತು. ಆದರೂ ತಿಕ್ಕಿದೆ.

ಅದು ಮಾದರಿ ಮನೆ. ಬೆಟ್ಟದ ಬುಡದ ಇಳಿಜಾರನ್ನೆಲ್ಲ ಯಜಮಾನರು ಸೈಟು ಮಾಡಿ, ಮನೆ ಕಟ್ಟಿಸಿ ಮಾರುತ್ತಿದ್ದರು. ಕೊಳ್ಳಲು ಬಂದವರು ನೋಡಲಿ ಎಂದು ಒಂದನ್ನು ಮಾತ್ರ ಪೂರ್ತಿ ಸಿಂಗರಿಸಿ ಇಟ್ಟಿದ್ದರು. ಯಾರೂ ಮಲಗದ ಮಂಚ, ಯಾರೂ ಉಣ್ಣದ ಮೇಜು, ಅದರ ಮೇಲೆ ಮೇಣದ ಹಣ್ಣು. ಮೂರು ಕಕ್ಕಸು. ಒಂದಕ್ಕೂ ಕೆಳಗೆ ಪೈಪಿಲ್ಲ! ಕಮೋಡನ್ನು ಬಿಳಿ ಸಿಮೆಂಟಿನಲ್ಲಿ ನೆಲಕ್ಕೆ ಅಂಟಿಸಿದ್ದರು, ಅಷ್ಟೇ. ಯಾರೂ ಕೂರದ ಆ ಮೂರನ್ನೂ ದಿನಾ ಬೆಳಿಗ್ಗೆ ತಳತಳ ಹೊಳೆಯುವ ಹಾಗೆ ತಿಕ್ಕುವುದು ನನ್ನ ಕೆಲಸ. ಅಲ್ಲಿನ ನೆಲಕ್ಕೆ ಟೈಲ್ಸ್ ಹಾಕಿದವನು ನನ್ನ ಗಂಡ.

ನಾವು ಇರುವುದು ಅದರ ಕೆಳಗೆ, ತಗಡಿನ ಮಾಡಿನ ಸಾಲುಕೋಣೆಗಳಲ್ಲಿ. ಕಲ್ಲು ಹೊರುವವರು, ಗಾರೆಯವರು, ಬಣ್ಣ ಬಳಿಯುವವರು, ಎಲ್ಲರೂ ಅಲ್ಲೇ. ಜಾಗ ಯಜಮಾನರದು, ಬಾಡಿಗೆಯೂ ಅವರಿಗೇ. ಸಾಲಿನ ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದು ಕಕ್ಕಸು ಇತ್ತು. ಬೆಳಿಗ್ಗೆ ಎದ್ದರೆ ಪಾಳಿ, ಜಗಳ, "ಒಳಗೇನು ನಿದ್ದೆ ಮಾಡ್ತಿದೀಯೇನೋ" ಎಂಬ ಕೂಗು. ಏನೇ ಇರಲಿ, ಅದಕ್ಕೊಂದು ಬಾಗಿಲಿತ್ತು, ಬಾಗಿಲಿಗೆ ಚಿಲಕವಿತ್ತು.

ಒಂದು ದಿನ ಯಾವನೋ ಗಿರಾಕಿ ಮಾದರಿ ಮನೆಯ ಬಾಲ್ಕನಿಯಲ್ಲಿ ನಿಂತು ಬೆಟ್ಟ ನೋಡಿದನಂತೆ, ಆಮೇಲೆ ಕೆಳಗೆ ನೋಡಿದನಂತೆ. "ಅದೇನದು?" ಅಂದನಂತೆ. ಅಷ್ಟೇ ಸಾಕಾಯಿತು. ಮರುದಿನ ಬುಲ್ಡೋಜರ್ ಬಂತು. ಕಕ್ಕಸಿನೊಳಗಿದ್ದ ಮುದುಕನನ್ನು ಹೊರಗೆ ಕರೆದು, ಅವನು ಸೊಂಟದ ಬಟ್ಟೆ ಕಟ್ಟಿಕೊಳ್ಳುವುದರೊಳಗೆ ಗೋಡೆ ಉರುಳಿಸಿಬಿಟ್ಟರು.

ಯಜಮಾನರ ಕಾರನ್ನು ಅಡ್ಡಗಟ್ಟಿ ಕೇಳಿದವಳು ಮೂಲೆಮನೆ ಅಕ್ಕ. ಗಂಡಸರೆಲ್ಲ ಅವಳ ಹಿಂದೆ ಕೈಕಟ್ಟಿ ನಿಂತಿದ್ದರು.

"ಯಜಮಾನ್ರೇ, ನಾವು ಹೆಂಗಸ್ರು ಎಲ್ಲಿಗೆ ಹೋಗೋದು?"

ಅವರು ಗಾಜು ಅರ್ಧ ಇಳಿಸಿದರು. "ಇಷ್ಟು ದೊಡ್ಡ ಬೆಟ್ಟ ಇದೆಯಲ್ಲಮ್ಮ, ನಿಮ್ಮ ಕುಂಡೆಗೆ ಜಾಗ ಸಾಲ್ದಾ?"

ಕಾರಿನಲ್ಲಿದ್ದವರು ನಕ್ಕರು. ನಮ್ಮ ಗಂಡಸರೂ ಹಲ್ಲು ಕಿರಿದರು. ನನ್ನ ಗಂಡನೂ! ಆ ನಗುವಿಗೆ ಬೆಂಕಿ ಬೀಳ. ಅದೇ ವಾರ ಬೆಟ್ಟದ ಬುಡದ ಸುತ್ತ ತಂತಿಬೇಲಿ ಬಂತು, ಬೇಲಿಯುದ್ದಕ್ಕೂ ಲೈಟು ಬಂತು, ಲೈಟಿನ ಕೆಳಗೆ ಟಾರ್ಚು ಹಿಡಿದ ಕಾವಲುಗಾರ ಬಂದ.

ಕೋಣೆ ಬಿಟ್ಟು ಬೇರೆ ಕಡೆ ಹೋಗಿ ಅನ್ನುವುದು ಸುಲಭ. ಈ ತಪ್ಪಲಲ್ಲಿ ಒಂದು ಕೊಟ್ಟಿಗೆ ಇದ್ದವರೂ ಅದಕ್ಕೆ ಸುಣ್ಣ ಬಳಿದು, ಪರದೆ ಕಟ್ಟಿ, ಬೆಟ್ಟ ನೋಡಲು ಬರುವವರಿಗೆ ಬಾಡಿಗೆಗೆ ಕೊಡುತ್ತಿದ್ದಾರೆ. ನಾವು ಹೋಗಿ ಕೇಳಿದರೆ, "ಒಂದು ರಾತ್ರಿಗಾದ್ರೆ ಕೊಡ್ತೀವಿ, ಸಂಸಾರ ಹೂಡೋರಿಗೆ ಕೊಡಲ್ಲ" ಅನ್ನುತ್ತಾರೆ. ಸುಡುಗಾಡು ಸಂಸಾರ.

ನಮ್ಮ ಅತ್ತೆಗೆ ಮಂಡಿ ಹೋಗಿ ವರ್ಷಗಳಾಗಿವೆ. ಕಕ್ಕಸು ಕೆಡವಿದ ಮೇಲೆ ಬೆಳಕು ಹರಿಯುವ ಮುಂಚೆ ಅವಳ ರಟ್ಟೆ ಹಿಡಿದು ಬೇಲಿ ಪಕ್ಕದ ಕೊರಕಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಒಂದು ದಿನ ಟಾರ್ಚು ನೇರವಾಗಿ ಅವಳ ಮೇಲೆ ಬಿತ್ತು.

"ಯಾರದು? ಏಳು, ಏಳು ಅಲ್ಲಿಂದ!"

ಅವಸರದಲ್ಲಿ ಏಳಲು ಹೋದ ಅತ್ತೆ ಹಿಂದಕ್ಕೆ ಬಿದ್ದಳು. ತಾನು ಮಾಡಿದ್ದರ ಮೇಲೇ ಬಿದ್ದಳು. ಆ ಬೆಳಕು ಆಗಲೂ ಆರಲಿಲ್ಲ.

"ಆರಿಸೋ, ಬೋಳಿಮಗನೇ! ನಿನ್ನ ಕೈ ಸೇದಿಹೋಗ! ನಿನ್ನ ಹೆತ್ತೋಳು ಎಲ್ಲಿಗೋ ಹೋಗ್ತಾಳೆ?" ಎಂದು ಕಿರುಚಿದೆ.

"ನನ್ ಡ್ಯೂಟಿ ಕಣಕ್ಕಾ, ನಾನೇನು ಮಾಡ್ಲಿ" ಎಂದ ಅವನು. ನಮ್ಮ ಸಾಲಿನವನೇ, ಹಾಳಾದವನು.

ಅತ್ತೆಗೆ ಬಿಸಿನೀರು ಕಾಯಿಸಿ ಮೈ ತೊಳೆದೆ. ಆವತ್ತಿನಿಂದ ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ಊಟವನ್ನೂ ಹಕ್ಕಿಯ ಹಾಗೆ ನಾಲ್ಕು ಅಗುಳು ತಿಂದು ತಟ್ಟೆ ಸರಿಸುತ್ತಿದ್ದಳು.

"ನಾಲಿಗೆ ಒಣಗಿದೆ, ನೀರು ಕುಡಿ ಅತ್ತೆ."

"ಕುಡಿದ್ರೆ ಹೋಗೋದೆಲ್ಲಿಗೆ, ನಿಮ್ಮಪ್ಪನ ಮನೆಗಾ?"

ಮೈ ಸುಡಲು ಶುರುವಾದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅತ್ತೆಯ ಎದುರಿಗೇ ಹೇಳಿದರು: "ಹೀಗೆ ಮೂತ್ರ ಕಟ್ಟಿಕೊಂಡಿದ್ರೆ ಕಿಡ್ನಿ ಹೋಗುತ್ತೆ. ನೀರು ಕುಡಿಸಿ, ಇಲ್ಲಾಂದ್ರೆ ಅಜ್ಜಿ ಉಳಿಯಲ್ಲ." ಹೊರಗೆ ಬಂದ ಮೇಲೆ ಅತ್ತೆ, "ಅವ್ರ ಮನೇಲಿ ಕಕ್ಕಸಿದೆ, ಹೇಳ್ತಾರೆ" ಎಂದಳು.

ನಾಚಿಕೆ ಬಿಟ್ಟು ಮ್ಯಾನೇಜರನ ಮುಂದೆ ಹೋಗಿ ನಿಂತೆ.

"ಸಾರ್, ಸಾಲಿನ ಹಿಂದೆ ನಾವೇ ಒಂದು ಗುಂಡಿ ತೋಡ್ಕೋತೀವಿ. ತಗಡೂ ನಮ್ದೇ. ನೀವು ಬೇಡ ಅನ್ದೇ ಇದ್ರೆ ಸಾಕು. ನಮ್ಮತ್ತೆ ಸಾಯ್ತಾಳೆ ಸಾರ್."

ಅವನು ಮೊಬೈಲಿನಿಂದ ತಲೆ ಎತ್ತಲಿಲ್ಲ. "ತಗಡು ಮೇಲಿಂದ ಕಾಣುತ್ತೆ. ಜನ ದುಡ್ಡು ಕೊಡೋದು ಬೆಟ್ಟ ನೋಡೋಕೆ, ನಿಮ್ಮತ್ತೆ ಕಕ್ಕಸು ನೋಡೋಕಲ್ಲ."

"ಸಾರ್..."

"ಮುದುಕಿ ಇನ್ನೆಷ್ಟು ದಿನ ಇರ್ತಾಳೆ? ಅಲ್ಲೀವರೆಗೂ ತಡ್ಕೊಳ್ಳಿ."

ಹಲ್ಲು ಕಚ್ಚಿಕೊಂಡು ಮನೆಗೆ ಬಂದೆ. ಗಂಡನಿಗೆ ಹೇಳಿದರೆ ಅವನು ನೆಲ ನೋಡುತ್ತಾ ಕೂತ. "ಸುಮ್ನಿರೇ. ಕೋಣೆ ಬಿಡಿಸಿಬಿಟ್ರೆ ಬೀದೀಲಿ ಬೀಳ್ತೀವಿ."

"ನಿಮ್ಮಮ್ಮ ಆಗ್ಲೇ ಬಿದ್ದಿದಾಳಲ್ಲೋ! ಹೊಲಸಿನ ಮೇಲೆ ಬಿದ್ದಿದಾಳೆ! ನೀನೊಬ್ಬ ಗಂಡಸು!"

ಅವನು ಎದ್ದು ಹೊರಗೆ ಹೋದ. ಅವನ ಮೇಲೆ ಪಾತ್ರೆ ಎಸೆಯುವಷ್ಟು ಸಿಟ್ಟು ಬಂದಿತ್ತು.

ಮರುದಿನ ಬೆಳಿಗ್ಗೆ ಅತ್ತೆ ತಲೆ ಎತ್ತಲಿಲ್ಲ. ತುಟಿ ಸೀಳಿ ರಕ್ತ ಬಂದಿತ್ತು. ಲೋಟ ಹಿಡಿದರೆ ಬಾಯಿ ಬಿಗಿಹಿಡಿದು ಗೋಡೆ ಕಡೆ ತಿರುಗಿದಳು. ಮೇಲೆ ಮಾದರಿ ಮನೆ ಮುಂದೆ ಕಾರು ಬಂದು ನಿಂತ ಸದ್ದಾಯಿತು. ಗಿರಾಕಿಗಳು. ನಾನು ನಸುಕಿನಲ್ಲೇ ಹೋಗಿ ಎಲ್ಲ ತಿಕ್ಕಿ, ಅವರಿಗಾಗಿ ಮೇಜಿನ ಮೇಲೆ ನೀರಿನ ಜಗ್ಗು, ಗಾಜಿನ ಲೋಟ ಇಟ್ಟು ಬಂದಿದ್ದೆ. ನನಗೆ ತಲೆ ಕೆಟ್ಟುಹೋಯಿತು.

"ಏಳತ್ತೆ."

"ಎಲ್ಲಿಗೇ?"

"ಕಕ್ಕಸಿಗೆ."

"ಕೆಡವಿದ್ರಲ್ಲೇ, ಹುಚ್ಚೀ."

"ಮೇಲೊಂದಿದೆ. ಚಿಲಕಾನೂ ಇದೆ. ಬಾ."

ಬೆನ್ನ ಮೇಲೆ ಹೊತ್ತುಕೊಂಡೆ. ಅವಳಲ್ಲಿ ತೂಕವೇ ಇರಲಿಲ್ಲ. ಒಂದು ಕೈಯಲ್ಲಿ ನೀರಿನ ಬಕೆಟ್ಟು ಹಿಡಿದು ಹೊರಗೆ ಬಂದರೆ ಮೂಲೆಮನೆ ಅಕ್ಕ ಬಟ್ಟೆ ಒಗೆಯುತ್ತಿದ್ದಳು.

"ಆಸ್ಪತ್ರೆಗೇನೇ?"

"ಇಲ್ಲಕ್ಕ, ಮಾದರಿ ಮನೆ ಕಕ್ಕಸಿಗೆ."

ತಮಾಷೆಯೇನೋ ಎಂದು ಅವಳು ನನ್ನ ಮುಖ ನೋಡಿದಳು. ಒಗೆಯುವುದನ್ನು ಅಲ್ಲೇ ಬಿಟ್ಟು ಎದ್ದು ನಿಂತಳು.

ಮೇಲೆ ಮ್ಯಾನೇಜರು ಒಬ್ಬ ಗಂಡಸಿಗೂ ಅವನ ಹೆಂಡತಿಗೂ ಕಿಟಕಿಯಿಂದ ಬೆಟ್ಟ ತೋರಿಸುತ್ತಿದ್ದ. ನಾನು ಒರೆಸಿದ್ದ ನೆಲದ ಮೇಲೆ ಮಣ್ಣುಗಾಲಿನಲ್ಲೇ ಅವರನ್ನು ದಾಟಿ ಹೋದೆ. ಅತ್ತೆಯನ್ನು ಒಳಗೆ ಕೂರಿಸಿ, ಬಕೆಟ್ಟು ಪಕ್ಕಕ್ಕಿಟ್ಟು ಹೊರಗೆ ಬಂದೆ. ಒಳಗಿನಿಂದ ಚಿಲಕ ಬಿತ್ತು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಏನೇ ಇದು? ತಲೆಗಿಲೆ ಕೆಟ್ಟಿದೆಯಾ? ಕರಿಯೇ ಆ ಮುದುಕೀನ ಹೊರಗೆ!" ಎನ್ನುತ್ತಾ ಮ್ಯಾನೇಜರು ಬಂದು ನನ್ನ ತಲೆಯ ಪಕ್ಕದಲ್ಲೇ ಬಾಗಿಲು ಗುದ್ದಿದ.

"ಹೆಂಗಸು ಒಳಗಿರೋವಾಗ ಬಾಗಿಲು ಬಡೀತೀಯಲ್ಲೋ, ನಿನಗೆ ಅಕ್ಕತಂಗೀರಿಲ್ವಾ?" ಅವನಿಗೆ ಸಾರ್ ಅನ್ನುವುದು ಆವತ್ತಿಗೆ ನಿಂತಿತು.

"ಅದಕ್ಕೆ ಪೈಪೇ ಇಲ್ಲ ಕಣೇ, ಮುಂಡೇದೇ!"

ಕಿಟಕಿ ಹತ್ತಿರದ ಗಂಡಸು ತಿರುಗಿದ. "ಪೈಪಿಲ್ವಾ? ಎಲ್ಲಾ ರೆಡಿ ಇದೆ ಅಂದ್ರಿ?"

"ಇಲ್ಲ ಸಾರ್, ಇದು ತೋರ್ಸೋಕೆ ಅಂತ... ಒಂದ್ನಿಮಿಷ ಸಾರ್..." ಅವನು ಹಿಂದೆ ಕಟ್ಟುತ್ತಿದ್ದ ಮನೆಯ ಕಡೆಗೆ ಕೂಗು ಹಾಕಿ ನನ್ನ ಗಂಡನನ್ನು ಕರೆಸಿದ. ಗಂಡ ಸಿಮೆಂಟು ಮೆತ್ತಿದ ಕೈಯಲ್ಲೇ ಓಡಿ ಬಂದ.

"ನಿಮ್ಮಮ್ಮನ್ನ ಎಳ್ಕೊಂಡು ಬಾರೋ! ಇಲ್ಲಾಂದ್ರೆ ಸಂಜೆಯೊಳಗೆ ಕೋಣೆ ಖಾಲಿ!"

ಗಂಡ ನನ್ನ ಮುಖ ನೋಡಿದ. ಇವನು ಎಳೆದೇ ಬಿಡುತ್ತಾನೆ, ನನ್ನನ್ನೂ ನೂಕುತ್ತಾನೆ ಎಂದುಕೊಂಡೆ. ಅವನು ಬೆರಳಿನಿಂದ ಮೆಲ್ಲಗೆ ಬಾಗಿಲು ತಟ್ಟಿದ.

"ಅಮ್ಮಾ, ಆಯ್ತಾ?"

"ನೀನ್ಯಾಕೋ ಬಂದೆ ಇಲ್ಲಿ? ಹೋಗು ಆಚೆ!" ಎಂದಳು ಅತ್ತೆ ಒಳಗಿನಿಂದ.

ಅವನು ಮ್ಯಾನೇಜರನ ಕಡೆ ತಿರುಗಿ, "ಇನ್ನೂ ಆಗಿಲ್ವಂತೆ" ಎಂದ. ಹೇಳಿ ನನ್ನ ಪಕ್ಕದಲ್ಲಿ ಬಂದು ನಿಂತ.

ಮೂಗು ಮುಚ್ಚಿಕೊಂಡು ಬಾಲ್ಕನಿಗೆ ಹೋಗಿದ್ದ ಗಿರಾಕಿಯ ಹೆಂಡತಿ ಕೈ ತೆಗೆದು, "ರೀ, ಯಾರೋ ತುಂಬಾ ಹೆಂಗಸ್ರು ಬರ್ತಿದಾರೆ, ಎಲ್ರ ಕೈಲೂ ಬಕೆಟ್ಟಿದೆ" ಎಂದಳು. ಮ್ಯಾನೇಜರು ಯಜಮಾನರಿಗೆ ಫೋನು ಹಚ್ಚಿದ. ಮೂಲೆಮನೆ ಅಕ್ಕನ ಗಂಟಲು ಮೆಟ್ಟಿಲ ಮೇಲೆ ಆಗಲೇ ಕೇಳುತ್ತಿತ್ತು.

ಒಳಗೆ ಬಕೆಟ್ಟಿನ ನೀರು ಸುರಿದ ಸದ್ದಾಯಿತು. ಆಮೇಲೆ ಅತ್ತೆ ಸಣ್ಣ ದನಿಯಲ್ಲಿ ಕರೆದಳು.

"ಲೇ, ಇದೀಯಾ? ಬಾಯಿ ಒಣಗಿದೆ ಕಣೇ. ಕುಡಿಯೋಕೆ ನೀರು ಕೊಡೇ."

ಮ್ಯಾನೇಜರನನ್ನು ಪಕ್ಕಕ್ಕೆ ತಳ್ಳಿ ಮೇಜಿನ ಹತ್ತಿರ ಹೋದೆ. ಗಾಜಿನ ಲೋಟಕ್ಕೆ ನೀರು ತುಂಬಿಸಿ ತಂದೆ. ಬಾಗಿಲು ಗೇಣಗಲ ತೆರೆಯಿತು, ಕಡ್ಡಿಯಂಥ ಕೈ ಬಂದು ಲೋಟ ತೆಗೆದುಕೊಂಡಿತು, ಚಿಲಕ ಮತ್ತೆ ಬಿತ್ತು. ಗುಟುಕು ಗುಟುಕಾಗಿ ಕುಡಿಯುವುದು ನನಗೂ ಗಂಡನಿಗೂ ಕೇಳಿಸಿತು.

"ಇನ್ನೊಂದು ಕೊಡೇ" ಎಂದಳು.

ಜಗ್ಗನ್ನೇ ಕೊಟ್ಟೆ.