ಕಟ್ಟೆ ಮುಚ್ಚಿದ ಮನೆಯ ನೀರು

ತುಟಿ ಎಷ್ಟು ಬಿರಿದರೆ ಹಲ್ಲು ಕಾಣುವುದಿಲ್ಲ ಎಂಬುದು ಸುಮನಾಳಿಗೆ ಕನ್ನಡಿಯ ಮುಂದೆ ನಿಂತು ನಿಂತು ರೂಢಿಯಾಗಿತ್ತು. ಮುಂದಿನ ಹಲ್ಲುಗಳ ಮೇಲೆ ಡಿಕಾಕ್ಷನ್ ಚೆಲ್ಲಿದಂಥ ಕಂದು ಕಲೆ. ಬೂದಿ, ಉಪ್ಪು, ನಿಂಬೆಹಣ್ಣು ಯಾವುದಕ್ಕೂ ಜಗ್ಗಿರಲಿಲ್ಲ. 'ಯಾರಾದರೂ ನಗಿಸಿಬಿಟ್ಟರೆ ಏನು ಗತಿ?' ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಬಿ.ಎಸ್‌ಸಿ. ಮುಗಿದ ಬೇಸಿಗೆಯಲ್ಲಿ, ಲೈಬ್ರರಿಗೆಂದು ಸುಳ್ಳು ಹೇಳಿ ಗುಬ್ಬಿಯಿಂದ ಬಸ್ಸು ಹತ್ತಿ, ತುಮಕೂರಿನ ಬಟವಾಡಿಯ ಹಲ್ಲಿನ ಡಾಕ್ಟರ ಬಳಿ ಹೋದಳು. ಅವರು ಟಾರ್ಚು ಬಿಟ್ಟು ನೋಡಿದರು.

"ಉಜ್ಜಿದ್ರೆ ಹೋಗೋ ಕೊಳೆಯಲ್ಲಮ್ಮ ಇದು. ಚಿಕ್ಕೋಳಿದ್ದಾಗ ಯಾವ ನೀರು ಕುಡೀತಿದ್ದೆ?"

"ಮನೇದೇ ಸರ್. ಬೋರು."

"ತುಂಬ ಆಳದ್ದಾ? ಫ್ಲೋರೈಡು ಕಣಮ್ಮ. ಆಳದ ಕಲ್ಲಿಂದ ನೀರಿಗಿಳಿಯೋದು, ಕಾಯ್ಸಿದ್ರೂ ಹೋಗಲ್ಲ, ಹಲ್ಲಿಗೂ ಮೂಳೆಗೂ ಹಿಡಿಯುತ್ತೆ. ಮನೇಲಿ ಯಾರಿಗಾದ್ರೂ ಮಂಡಿ, ಬೆನ್ನು ಹಿಡ್ಕೊಂಡಿದ್ಯಾ?"

ಅವಳ ಕಣ್ಣಮುಂದೆ ಅವ್ವ ಬಂದಳು. ದಾಕ್ಷಾಯಣಿಗೆ ಇನ್ನೂ ಐವತ್ತು ತುಂಬಿಲ್ಲ. ಪೂಜೆಗೆಂದು ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು.

ಹಿಂದೆ ಆ ಮನೆಗೆ ಹಿತ್ತಿಲ ಬಾವಿಯಿತ್ತು. ಬಾವಿಯ ಮೇಲುಗಡೆ ತಾತನ ಕಾಲದ ಕಟ್ಟೆ, ಮಳೆನೀರು ನಿಲ್ಲುವ ಪುಟ್ಟ ಕೆರೆ. ಗುಡ್ಡದ ಮಳೆ ಕಟ್ಟೆಗಿಳಿದರೆ, ಕಟ್ಟೆಯ ನೀರು ಬಾವಿಗೆ ಜಿನುಗುತ್ತಿತ್ತು. ಸುಮನಾ ಹುಟ್ಟಿದ ವರ್ಷ ಅಪ್ಪ ಪರಮಶಿವಯ್ಯ, "ದಂಡದ ಗುಂಡಿ" ಎಂದು ಕಟ್ಟೆಗೆ ಮಣ್ಣು ತುಂಬಿಸಿ ತೆಂಗು ಇಟ್ಟ. ಎರಡೇ ಬೇಸಿಗೆಗೆ ಬಾವಿ ಬತ್ತಿತು. ಬೋರು ಕೊರೆಸಿದ, ಅದು ಕೈಕೊಟ್ಟಾಗ ಇನ್ನೂ ಆಳಕ್ಕೆ ಇನ್ನೊಂದು. ಈಗ ತೆಂಗನ್ನೂ ಉರುಳಿಸಿ, ಕಲ್ಲು ನೆಟ್ಟು, ಲೇಔಟ್ ಮಾಡಿದ್ದ. ಅಲ್ಲೇಳುವ ಅಷ್ಟೂ ಮನೆಗೆ ಆ ಬೋರಿನದೇ ನೀರು.

ಡಾಕ್ಟರ ಮಾತು ಹೇಳಿದಾಗ ಅವ್ವ ಬಾಗಿಲು ಹಾಕಿಕೊಂಡು ಬಂದಳು. "ಸುಮ್ಕಿರೇ! ಕುಣಿಗಲ್‌ನಿಂದ ಹೆಣ್ಣು ನೋಡೋಕೆ ಬರೋ ಹೊತ್ನಲ್ಲಿ ನೀರಿನ ಕಾಯ್ಲೆ ಅಂತ ಸುದ್ದಿಯಾದ್ರೆ ನಮ್ಮ ಹೊಸ್ತಿಲು ಯಾರು ತುಳೀತಾರೆ? ಅಪ್ಪಂಗಂತೂ ಹೇಳ್ಬೇಡ."

ಸುಮ್ಮನಿರುವುದು ಸುಮನಾಳಿಗೆ ಯಾರೂ ಕಲಿಸಬೇಕಾದ ವಿದ್ಯೆಯಾಗಿರಲಿಲ್ಲ.

ಆ ಭಾನುವಾರ ಸೈಟು ನೋಡಲು ನಯಾಜ್ ಅಹಮದ್ ಬಂದ. ಗುಬ್ಬಿಯಲ್ಲಿ ಹೊಸದಾಗಿ ವೆಲ್ಡಿಂಗ್ ಅಂಗಡಿ ಇಟ್ಟವನು. ಜೊತೆಗೆ ಹೆಂಡತಿ ಫಾತಿಮುನ್ನೀಸಾ, ಅವಳ ಕಂಕುಳಲ್ಲಿ ಪುಟ್ಟ ಮೊಮ್ಮಗಳು ಐಮನ್.

"ಮೂಲೆ ಸೈಟು ಸಾಬ್ರೆ, ಗಾಳಿ ಬೆಳಕು..." ಎಂದು ಅಪ್ಪ ಶುರುಮಾಡಿದ.

"ಗಾಳಿ ಇರ್ಲಿ ಅಯ್ನೋರೆ, ನೀರಿನ ಮಾತು ಹೇಳಿ. ಬಟವಾಡಿ ಬಾಡ್ಗೆ ಮನೇಲಿ ನಲ್ಲಿ ತಿರುಗ್ಸಿದ್ರೆ ಬರೋದೂ ಬರೀ ಗಾಳೀನೇ. ಕೊಡ ಹೊತ್ತೂ ಹೊತ್ತೂ ಇವ್ಳು ಮುದ್ಕಿ ಆಗೋದ್ಲು."

"ನೀವೇನು ಇನ್ನೂ ಮದ್ವೆ ಗಂಡಾ?" ಎಂದಳು ಫಾತಿಮುನ್ನೀಸಾ.

ಎಲ್ಲರೂ ನಕ್ಕರು. ಸುಮನಾಳ ದುಪಟ್ಟಾ ತುಟಿಯ ಮೇಲೆ ಬಂತು.

"ನಮ್ಮ ನೀರು ಎಳನೀರಿದ್ದಂಗೆ. ಸುಮೀ, ಬೆಲ್ಲ ನೀರು ತಾರಮ್ಮ," ಎಂದ ಅಪ್ಪ. ಅವಳು ತಟ್ಟೆ ತಂದಿಟ್ಟಾಗ, "ಇವ್ಳು ನನ್ನ ಮಗ್ಳು. ಡಿಗ್ರಿ ಮಾಡವ್ಳೆ, ಆದ್ರೂ ಬಾಯಿ ತೆಗ್ಸೋಕೆ ಹಾರೆ ಬೇಕು!"

ಐಮನ್ ಬೆಲ್ಲ ಬಿಟ್ಟು ಲೋಟಕ್ಕೇ ಕೈ ಚಾಚಿತು. ನಗುವ ಆ ಬಾಯಲ್ಲಿ ಅಕ್ಕಿಕಾಳಿನಂಥ ಬಿಳಿ ಹಲ್ಲುಗಳು. ಲೋಟದ ನೀರೂ ತಳ ಕಾಣುವಷ್ಟು ತಿಳಿಯಾಗಿತ್ತು.

"ಹಂಗೇ ಕೊಡ್ಬೋದಾ ಅಮ್ಮ, ಕಾಯಿಸ್ಬೇಕಾ?" ಫಾತಿಮುನ್ನೀಸಾ ಕೇಳಿದ್ದು ಸುಮನಾಳನ್ನೇ.

"ಕಾಯ್ಸೋದೇನ್ ಬಂತು?" ಎಂದ ಅಪ್ಪ. "ನನ್ನ ಮಗ್ಳು ಇದನ್ನೇ ಕುಡ್ದು ಬೆಳೆದವ್ಳೆ. ನೋಡಿ ಬೇಕಾದ್ರೆ."

ಒಳಬಾಗಿಲಲ್ಲಿ ಅವ್ವ ಚೌಕಟ್ಟು ಹಿಡಿದು, ಬೇಡವೆಂದು ತಲೆಯಾಡಿಸುತ್ತಿದ್ದಳು. ಫಾತಿಮುನ್ನೀಸಾ ಹಿಡಿದ ಲೋಟ ಮಗುವಿನ ತುಟಿಗೆ ತಾಗುವಷ್ಟರಲ್ಲಿತ್ತು. ಸುಮನಾ ಲೋಟದ ಬಾಯಿಗೆ ಅಂಗೈ ಅಡ್ಡ ಇಟ್ಟಳು. ಇನ್ನೊಂದು ಕೈಯಿಂದ ದುಪಟ್ಟಾ ಸರಿಸಿದಳು.

"ಕಾಯಿಸಿದ್ರೂ ಕುಡಿಸ್ಬೇಡಿ ಆಂಟಿ. ನನ್ನ ಹಲ್ಲು ನೋಡಿ. ಈ ನೀರಿಂದ್ಲೇ ಹಿಂಗಾಗಿರೋದು."